ಸಂಬಳಕ್ಕೆ ಪಾರ್ಟ್ ಟೈಮ್, ದುಡಿತಕ್ಕೆ ಫುಲ್ ಟೈಮ್! ಇನ್ನು ಸಾಕು!

ಬಟ್ಟೆ ಶೋರೂಮ್‌ಗಳಲ್ಲಿ, ಮಾಲ್‌ಗಳಲ್ಲಿ ದುಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

"ದಿನಕ್ಕೆ ನಾಲ್ಕೇ ಗಂಟೆ ಕೆಲಸ, ಆರಾಮಾಗಿ ಓದ್ಕೋಬಹುದು" ಅಂತ ಹೇಳಿ ಸೇರಿಸಿಕೊಂಡರು. ಆ ನಾಲ್ಕು ಗಂಟೆ ಈಗ ಎಷ್ಟಾಗಿದೆ? ನೀವೇ ಲೆಕ್ಕ ಹಾಕಿ!

ಶಟರ್ ಎಳೆದ ಮೇಲೂ ನಮಗೆ ಬಿಡುಗಡೆ ಇಲ್ಲ. ಗಿರಾಕಿಗಳು ಕೆದರಿ ಹೋದ ಕುರ್ತಾ, ಜೀನ್ಸ್ ಮಡಚಬೇಕು. ಟ್ರಯಲ್ ರೂಮಿನ ರಾಶಿ ಎತ್ತಬೇಕು. ಸ್ಟಾಕ್ ಎಣಿಸಬೇಕು. ಆಮೇಲೆ ಕಳ್ಳರ ಹಾಗೆ ಬಾಗಿಲಲ್ಲಿ ಸಾಲು ನಿಂತು ಬ್ಯಾಗ್ ಬಿಚ್ಚಿ ತೋರಿಸಬೇಕು. ಈ ಹೊತ್ತಿಗೆ ಕೂಲಿ ಎಷ್ಟು? ಸೊನ್ನೆ!

ನಾಳೆ ಕೆಲಸ ಇದೆಯಾ ಇಲ್ಲವಾ, ಇವತ್ತು ರಾತ್ರಿಯವರೆಗೆ ಗೊತ್ತಿಲ್ಲ. ಹನ್ನೊಂದು ಗಂಟೆಗೆ ವಾಟ್ಸಾಪ್ ಬರುತ್ತದೆ: "ಬೆಳಿಗ್ಗೆ ಬಾ." ಪರೀಕ್ಷೆ ಇದ್ದರೂ ಬಾ. ಮಗುವಿಗೆ ಜ್ವರ ಇದ್ದರೂ ಬಾ. ಆಗಲ್ಲ ಅಂದರೆ ಮುಂದಿನ ವಾರ ಶಿಫ್ಟೇ ಇಲ್ಲ. ಬಿದ್ದು ಎದ್ದು ಬಂದರೆ? "ಇವತ್ತು ಗಿರಾಕಿ ಇಲ್ಲ, ಮನೆಗೆ ಹೋಗು!" ಹೋಗಿ ಬರುವ ಖರ್ಚು ನಮ್ಮದು. ಹಾಳಾದ ದಿನವೂ ನಮ್ಮದೇ!

ರಾಯಚೂರಿನಿಂದ ಬಂದು ಪಿಜಿಯಲ್ಲಿರುವ ಡಿಗ್ರಿ ಹುಡುಗಿ ಬಾಡಿಗೆಗೆ ಯಾರ ಹತ್ತಿರ ಕೈ ಚಾಚಬೇಕು? ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಸಾಕುವ ಅಕ್ಕ, ಈ ತಿಂಗಳು ಎಷ್ಟು ಶಿಫ್ಟ್ ಸಿಗುತ್ತದೋ ಅಂತ ದೇವರಿಗೆ ಹರಕೆ ಹೊರಬೇಕಾ? ಸಂಬಳ ಎಲ್ಲಿ ಅಂತ ನಮ್ಮನ್ನು ಕೆಲಸಕ್ಕೆ ಸೇರಿಸಿದ ಏಜೆನ್ಸಿಯವನನ್ನು ಕೇಳಿದರೆ ಶೋರೂಮಿನವರನ್ನು ಕೇಳು ಅನ್ನುತ್ತಾನೆ. ಶೋರೂಮಿನವರನ್ನು ಕೇಳಿದರೆ ಏಜೆನ್ಸಿಯನ್ನು ಕೇಳು ಅನ್ನುತ್ತಾರೆ. ನಡುವೆ ಸಂಬಳ ಮಾಯ!

ಅಂಗಡಿಯಲ್ಲಿ ಕುರ್ಚಿ ಇಲ್ಲ ಅಂತಲ್ಲ. ಇದೆ! ಸೀರೆ ನೋಡುವವರ ಜೊತೆ ಬಂದ ಗಂಡಂದಿರಿಗೆ ಇದೆ. ನಮಗಿಲ್ಲ! ಕಾಲು ಊದಿದರೂ ನಿಲ್ಲಬೇಕು. ಮುಟ್ಟಿನ ಹೊಟ್ಟೆನೋವಿದ್ದರೂ ನಿಲ್ಲಬೇಕು. ಟಾಯ್ಲೆಟ್‌ಗೆ ಹೋದರೆ ಬೈಗುಳ. ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟವರು ನಮ್ಮಲ್ಲಿ ಎಷ್ಟು ಜನ!

ವರಮಹಾಲಕ್ಷ್ಮಿ, ದಸರಾ, ದೀಪಾವಳಿ ಬಂತೆಂದರೆ ವಾರದ ರಜೆಯೂ ಇಲ್ಲ, ಊಟದ ಹೊತ್ತೂ ಇಲ್ಲ. ಹಬ್ಬ ಮುಗಿದ ಮರುದಿನ, "ನಾಳೆಯಿಂದ ಬರಬೇಡಿ!" ಊರಿಗೆಲ್ಲ ಹೊಸ ಬಟ್ಟೆ ಉಡಿಸಿದ ನಮ್ಮ ಮನೆಯಲ್ಲಿ ಮಾತ್ರ ಹಬ್ಬವಿಲ್ಲ!

ಗೆಳೆಯರೇ, ನಾವು ಕೇಳುವುದು ಭಿಕ್ಷೆಯಲ್ಲ! ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನಮಗಾಗಿಯೇ ಇದೆ. ಕೆಲಸಕ್ಕೆ ತೆಗೆದುಕೊಂಡರೆ ನೇಮಕಾತಿ ಪತ್ರ ಕೊಡಬೇಕು. 5 ಗಂಟೆ ದುಡಿದರೆ 1 ಗಂಟೆ ವಿಶ್ರಾಂತಿ ಕೊಡಬೇಕು. ವಾರಕ್ಕೊಂದು ರಜೆ ಕೊಡಬೇಕು. ಓವರ್‌ಟೈಮ್‌ಗೆ ಎರಡರಷ್ಟು ಕೂಲಿ ಕೊಡಬೇಕು. ಇಎಸ್‌ಐ ಕಾನೂನಿನ ಪ್ರಕಾರ, 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ, 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರಬೇಕು. ಇದರಲ್ಲಿ ನಿಮಗೆ ಎಷ್ಟು ಸಿಕ್ಕಿದೆ?

ಪಕ್ಕದ ಕೇರಳ ನೋಡಿ! ಕೋಳಿಕ್ಕೋಡ್‌ನ ಪಿ. ವಿಜಿ ಮತ್ತು ಅವರ ಜೊತೆಗಾರ್ತಿಯರು ಬಟ್ಟೆ ಅಂಗಡಿಯ ಹೆಂಗಸರಿಗೆ ಕೂರುವ ಹಕ್ಕು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ನಗೆಪಾಟಲಿಗೆ ಹೆದರಲಿಲ್ಲ. 2018ರಲ್ಲಿ ಅಲ್ಲಿ ಕಾನೂನೇ ಬದಲಾಯಿತು. 2021ರಲ್ಲಿ ತಮಿಳುನಾಡಿನಲ್ಲೂ ಬದಲಾಯಿತು. ನಾವು ಇನ್ನೂ ನಿಂತೇ ಇದ್ದೇವೆ!

ನಮ್ಮ ಬೇಡಿಕೆ:

• ವಾರದ ಶಿಫ್ಟ್ ಪಟ್ಟಿ ಒಂದು ವಾರ ಮುಂಚೆ ಬರಹದಲ್ಲಿ ಕೊಡಿ!
• ಕರೆಸಿ ವಾಪಸ್ ಕಳಿಸಿದರೆ ಆ ಶಿಫ್ಟಿನ ಕೂಲಿ ಕೊಡಿ!
• ಮಡಚುವ, ಎಣಿಸುವ, ತಪಾಸಣೆಗೆ ನಿಲ್ಲುವ ಪ್ರತಿ ನಿಮಿಷಕ್ಕೂ ಕೂಲಿ ಕೊಡಿ!
• ನೇಮಕಾತಿ ಪತ್ರ, ಸಂಬಳದ ಚೀಟಿ, ಇಎಸ್‌ಐ ಕೊಡಿ!
• ಕೂರಲು ಕುರ್ಚಿ ಹಾಕಿ!

ಇವತ್ತೇ ಶುರು ಮಾಡಿ. ಬಂದ ಹೊತ್ತು, ಹೊರಟ ಹೊತ್ತು ದಿನಾ ಬರೆದಿಡಿ. ರಾತ್ರಿ ಬಂದ ಮೆಸೇಜ್ ಅಳಿಸಬೇಡಿ. ಖಾಲಿ ವೋಚರ್‌ಗೆ ಸಹಿ ಹಾಕಬೇಡಿ. ಒಬ್ಬರೇ ಹೋಗಿ ಮ್ಯಾನೇಜರ್ ಮುಂದೆ ನಿಲ್ಲಬೇಡಿ. ಒಬ್ಬರಾದರೆ ಕಿತ್ತು ಹಾಕುತ್ತಾರೆ. ಇಡೀ ಫ್ಲೋರ್ ಎದ್ದು ನಿಂತರೆ ಯಾರನ್ನು ಕಿತ್ತು ಹಾಕುತ್ತಾರೆ?

ಕಾಯಂ ಕೆಲಸದ ಅಣ್ಣಂದಿರೇ, ಸುಮ್ಮನಿರಬೇಡಿ! ಇವತ್ತು ನಮ್ಮ ಗಂಟೆ ಕತ್ತರಿಸಿದವರು ನಾಳೆ ನಿಮ್ಮ ಕೆಲಸವನ್ನೇ ಕತ್ತರಿಸುತ್ತಾರೆ.

ಚಿಕ್ಕಪೇಟೆಯವರೇ, ಜಯನಗರದವರೇ, ಕಮರ್ಷಿಯಲ್ ಸ್ಟ್ರೀಟ್‌ನವರೇ, ಮಾಲ್‌ಗಳಲ್ಲಿ ಹಗಲು ರಾತ್ರಿ ಕಾಣದವರೇ! ಅಂಗಡಿಗೆ ಹತ್ತು ಜನ ಸೇರಿ. ದೂರು ಬರೆಯಿರಿ. ಎಲ್ಲರೂ ಸಹಿ ಹಾಕಿ. ಕಾರ್ಮಿಕ ಇಲಾಖೆಯ ಕಚೇರಿ ಇರುವ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಟ್ಟಾಗಿ ಹೋಗೋಣ.

ಓದಿ, ಬಿಸಾಡಬೇಡಿ. ಪಕ್ಕದ ಕೌಂಟರಿನವರ ಕೈಗೆ ಕೊಡಿ!

— ನಿಮ್ಮಂತೆಯೇ ನಿಂತು ನಿಂತು ಸೋತ ಸೇಲ್ಸ್ ಕೆಲಸಗಾರರು