ವಾಚಕರನ್ನು ಹುಡುಕುವದು ಯಾರ ಕೆಲಸ?

ನಮ್ಮ ಗ್ರಂಥಕರ್ತರು ಎಲ್ಲಿ ಕೂಡಿದರೂ ಒಂದು ದೂರನ್ನು ತಪ್ಪದೆ ಹೇಳುವರು. ಕನ್ನಡಿಗರು ಪುಸ್ತಕ ಕೊಳ್ಳುವದಿಲ್ಲ, ಕೊಂಡರೂ ಓದುವದಿಲ್ಲ, ಓದಿದರೂ ಬರೆದವನಿಗೆ ಒಂದು ಮಾತು ತಿಳಿಸುವದಿಲ್ಲ. ಈ ದೂರನ್ನು ಕೇಳಿ ಕೇಳಿ ವಾಚಕರಿಗೂ ತಾವು ಅಪರಾಧಿಗಳೆಂಬ ನಂಬಿಕೆ ಹುಟ್ಟಿಬಿಟ್ಟಂತಿದೆ. ಅವರ ಪಕ್ಷ ಹಿಡಿದು ನಾಲ್ಕು ಮಾತಾಡುವವರು ಯಾರೂ ಕಾಣದ ಕಾರಣ ಆ ಕೆಲಸವನ್ನು ನಾನು ಮಾಡಬಯಸುತ್ತೇನೆ. ನನ್ನ ವಾದವಿಷ್ಟೆ: ವಾಚಕರ ಬಳಗವೆಂಬದು ಮಳೆಯಂತೆ ತಾನಾಗಿ ಬೀಳತಕ್ಕದ್ದಲ್ಲ. ಅದನ್ನು ಕಟ್ಟುವ ಹೊಣೆ ಮೊದಲು ಬರೆಯುವವನದು. ಅವನು ಕಟ್ಟಬೇಕಾದದ್ದು ತನ್ನನ್ನು ಹೊಗಳುವವರ ಬಳಗವನ್ನಲ್ಲ, ತನ್ನನ್ನು ಓದುವವರ ಬಳಗವನ್ನು.

"ಬರೆಯುವದು ನಮ್ಮ ಕೆಲಸ, ಮಾರುವದು ಅಂಗಡಿಯವನ ಕೆಲಸ. ಸರಸ್ವತಿಯನ್ನು ಸಂತೆಗೆ ಒಯ್ಯಲಾದೀತೆ?" ಎಂದು ಕೆಲವರು ಮೂಗು ಮುರಿಯುವದುಂಟು. ಇಂಥವರಿಗೆ ನಾನು ಗಳಗನಾಥರ ಹೆಸರನ್ನು ನೆನಪಿಸುತ್ತೇನೆ. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ನಮ್ಮ ಇದೇ ಸೀಮೆಯವರು. ಕನ್ನಡ ಶಾಲೆಯ ಮಾಸ್ತರಿಕೆಯನ್ನು ಬಿಟ್ಟು ಲೇಖನಿಯನ್ನೇ ನಂಬಿದವರು. ಅವರು ಬರೆಯತೊಡಗಿದ ಕಾಲಕ್ಕೆ ಈ ಭಾಗದ ಸುಶಿಕ್ಷಿತರ ಮನೆಗಳಲ್ಲಿ ಮರಾಠಿಯದೇ ಮೆರೆದಾಟ. ಓದಿನ ಹವ್ಯಾಸವುಳ್ಳವರು ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಮರಾಠಿಯಲ್ಲಿಯೇ ಓದುತ್ತಿದ್ದರು. ಕನ್ನಡದಲ್ಲಿ ಓದಲು ಏನಿದೆಯೆಂದು ಕೇಳುತ್ತಿದ್ದರು. ಗಳಗನಾಥರು ಈ ಜನರನ್ನು ಬಯ್ಯುತ್ತ ಕೂಡ್ರಲಿಲ್ಲ. ಅದೇ ಆಪಟೆಯವರ ಐತಿಹಾಸಿಕ ಕಥೆಗಳನ್ನು ಕನ್ನಡಕ್ಕೆ ಇಳಿಸಿದರು. 'ಮಾಧವ ಕರುಣಾ ವಿಲಾಸ'ದಂಥ ಗ್ರಂಥದಲ್ಲಿ ವಿಜಯನಗರದ ಹುಟ್ಟನ್ನು ಹೇಳಿದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕ ತಿಂಗಳು ತಿಂಗಳೂ ಮನೆಯ ಬಾಗಿಲಿಗೆ ಕನ್ನಡವನ್ನು ಕಳಿಸಿದರು. ಇಷ್ಟೂ ಸಾಲದೆ, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಈ ಗಂಟು ಹೊರುವ ಮಾತನ್ನು ನಮ್ಮ ಸಭೆಗಳಲ್ಲಿ ಕಣ್ಣೀರು ತುಂಬಿ ಹೇಳುವ ವಾಡಿಕೆಯಾಗಿದೆ. ಕನ್ನಡ ಸಾಹಿತಿಯ ದಾರಿದ್ರ್ಯಕ್ಕೆ ಅದೊಂದು ದೃಷ್ಟಾಂತವಂತೆ! ನನಗೆ ಹಾಗೆ ತೋರುವದಿಲ್ಲ. ಬಿಸಿಲಲ್ಲಿ ನಡೆದ ಕಷ್ಟವು ಕಷ್ಟವೇ ಸರಿ. ಆದರೆ ಪುಸ್ತಕವನ್ನು ಕೈಯಾರೆ ಒಬ್ಬರ ಕೈಗೆ ಕೊಟ್ಟವನಿಗೆ ದೊರೆಯುವ ತಿಳಿವಳಿಕೆಯನ್ನು ಯಾವ ವಿದ್ವತ್ಸಭೆಯೂ ಕೊಡಲಾರದು. ಯಾರು ಹಣ ಕೊಡುವಾಗ ಹಿಂದು ಮುಂದು ನೋಡಿದರು, ಯಾವ ಮನೆಯಲ್ಲಿ ಹೆಣ್ಣುಮಕ್ಕಳು ಮುಂದಿನ ಭಾಗ ಯಾವಾಗೆಂದು ಕೇಳಿದರು, ಯಾವ ಮುದುಕರು ಈ ಮಾತು ನಮಗೆ ತಿಳಿಯಲಿಲ್ಲವೆಂದರು, ಇದನ್ನೆಲ್ಲ ಹೊಸ್ತಿಲಲ್ಲಿ ನಿಂತವನೇ ಅರಿಯುವನು. ಗಳಗನಾಥರ ಗದ್ಯವನ್ನು ಪಡಸಾಲೆಯಲ್ಲಿ ಒಬ್ಬರು ಓದಿ ಹತ್ತು ಮಂದಿ ಕೇಳಬಹುದಾದ ಸರಳತೆ ಎಲ್ಲಿಂದ ಬಂದಿತೆಂದು ಕೇಳಿದರೆ, ಆ ಹೊಸ್ತಿಲುಗಳಿಂದಲೇ ಬಂದಿತೆಂಬದು ನನ್ನ ಊಹೆ.

ಎಲ್ಲರೂ ಗಂಟು ಹೊರಬೇಕೆಂದು ನಾನು ಹೇಳುತ್ತಿಲ್ಲ. ಬೇರೆ ದಾರಿಗಳೂ ಇದ್ದವು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ವರ್ಗಣಿದಾರರ ಬಲದ ಮೇಲೆ ನಿಂತಿತು. ವರ್ಷದ ವರ್ಗಣಿಯನ್ನು ಮುಂಗಡವಾಗಿ ಕೊಟ್ಟ ಮನೆಗಳಿಗೆ ವರ್ಷದ ಪುಸ್ತಕಗಳು ಹೋಗುವವು. ಪುಸ್ತಕವಿನ್ನೂ ಅಚ್ಚಾಗದಿರುವಾಗಲೇ ಹಣ ಕೊಡುವವನು ಬರಿಯ ಗಿರಾಕಿಯಲ್ಲ, ಆ ಕಾರ್ಯದಲ್ಲಿ ಪಾಲುಗಾರ. ಅರ್ಧ ಶತಮಾನದ ತರುವಾಯ, 1980ರಲ್ಲಿ, ಪಿ. ಲಂಕೇಶರು ಬೆಂಗಳೂರಿನಲ್ಲಿ ವಾರಪತ್ರಿಕೆ ತೆಗೆದಾಗ ಜಾಹೀರಾತನ್ನು ಮುಟ್ಟದೆ ವಾಚಕನು ಕೊಡುವ ಬೆಲೆಯೊಂದರ ಮೇಲೆಯೇ ಅದನ್ನು ನಡೆಸಿ ತೋರಿಸಿದರು. ಇವರಿಬ್ಬರ ಮನೋಧರ್ಮಗಳು ಎಷ್ಟು ಬೇರೆಯೋ! ಆದರೂ ಓದುವವನ ಋಣವೊಂದಿದ್ದರೆ ಸಾಕು, ಉಳಿದವರ ಹಂಗು ಬೇಡವೆಂಬ ನೆಲೆ ಇಬ್ಬರಿಗೂ ಒಂದೇ ಆಗಿದ್ದಿತು.

ಇಂದು ಆ ನೆಲೆಯನ್ನು ಬಿಟ್ಟುಕೊಟ್ಟವರೇ ಬಹಳ. ಗ್ರಂಥಾಲಯಗಳ ಸಗಟು ಖರೀದಿಯನ್ನೇ ನೆಚ್ಚಿ ಅಚ್ಚು ಹಾಕಿಸುವವರುಂಟು. ಗ್ರಂಥಾಲಯವು ಪುಸ್ತಕ ಕೊಳ್ಳುವದು ತಪ್ಪೆಂದು ಯಾರೂ ಹೇಳರು. ಬಡ ವಿದ್ಯಾರ್ಥಿಗೆ ಅದೇ ಆಸರೆ. ಆದರೆ ಕಟ್ಟು ಬಿಚ್ಚದ ಪ್ರತಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿರುವಾಗ ಗ್ರಂಥಕರ್ತನು "ನನ್ನ ಪುಸ್ತಕ ತೀರಿತು" ಎಂದು ಹಿಗ್ಗುವದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಬಿಡುಗಡೆಯ ಸಮಾರಂಭಗಳ ಮಾತಂತೂ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿ. ಪುಸ್ತಕವನ್ನು ಓದಲು ಸಮಯವಾಗಲಿಲ್ಲವೆಂದು ಮೊದಲೇ ಒಪ್ಪಿಕೊಂಡು ಮುಕ್ಕಾಲು ಗಂಟೆ ಮಾತಾಡುವ ಅಧ್ಯಕ್ಷರು!

ಇದಕ್ಕೂ ಮಿಗಿಲಾದ ಮೋಸವು ಈಚೆಗೆ ಬಂದಿದೆ. ಅಂಗೈಯಲ್ಲಿ ಹಿಡಿಯುವ ಯಂತ್ರದಿಂದ ಈಗ ಬರೆದ ಪದ್ಯವು ಈಗಲೇ ದುಬೈಯಲ್ಲಿರುವ ಕನ್ನಡಿಗನಿಗೂ ಮುಟ್ಟುತ್ತದೆ. ಇದು ಗಳಗನಾಥರು ಕನಸಿನಲ್ಲಿಯೂ ಎಣಿಸದಿದ್ದ ಸೌಕರ್ಯ. ಇದನ್ನು ಹಳಿಯುವದು ಮೂರ್ಖತನ. ಆದರೆ ಈ ಸೌಕರ್ಯವನ್ನು ನಾವು ಬಳಸುತ್ತಿರುವ ರೀತಿಯಾದರೂ ಎಂಥದು? ಮೆಚ್ಚುಗೆಯ ಹೆಬ್ಬೆರಳುಗಳನ್ನು ಎಣಿಸುತ್ತ ರಾತ್ರಿ ಕಳೆಯುವದು. ನಿನ್ನೆ ತನ್ನನ್ನು ಹೊಗಳಿದವನನ್ನು ಇಂದು ತಾನು ಹೊಗಳುವದು. ಒಂದು ಶಬ್ದ ತಪ್ಪಾಗಿದೆಯೆಂದು ತಿಳಿಸಿದವನನ್ನು ಬಳಗದಿಂದ ಹೊರಗಟ್ಟುವದು. ಒಂದು ಪುಟದ ಬರಹಕ್ಕೆ ಒಂದೇ ಕ್ಷಣದಲ್ಲಿ "ಅದ್ಭುತ" ಎಂದವನು ಅದನ್ನು ಓದಿದ್ದಾನೆಂದು ನಂಬುವ ಗ್ರಂಥಕರ್ತನ ಮುಗ್ಧತೆಗೆ ಏನೆನ್ನೋಣ! ಇದು ಬಳಗವಲ್ಲ, ಮುಯ್ಯಿಯ ವ್ಯವಹಾರ. ಮದುವೆಯ ಮನೆಯ ಮುಯ್ಯಿಗಾದರೂ ಒಂದು ಊಟವುಂಟು.

ಹಾಗಾದರೆ ಬರಹಗಾರನಿಗೆ ಆಸರೆಯಾಗುವ ವಾಚಕನು ಹೇಗಿರಬೇಕು? ನಮ್ಮ ಸಾಹಿತ್ಯದಲ್ಲಿ ಅವನ, ಅಲ್ಲ, ಅವಳ ಚಿತ್ರವು ಆಗಲೇ ಇದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬ ಮುದ್ದಣನು (1870–1901) 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಹೇಳುವ ಗಂಡನೊಡನೆ ಕೇಳುವ ಹೆಂಡತಿ ಮನೋರಮೆಯನ್ನು ಕೂಡಿಸಿದನು. ಈಕೆ ಸುಮ್ಮನೆ ತಲೆದೂಗುವವಳಲ್ಲ. ಯಾವ ಕಥೆ ಬೇಕೆಂದು ತಾನೇ ಆರಿಸುವಳು. ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಹಟ ಹಿಡಿಯುವಳು. ಸಂಸ್ಕೃತದ ಭಾರ ಹೆಚ್ಚಿದರೆ ತಡೆದು ಅರ್ಥ ಕೇಳುವಳು. ನಡುನಡುವೆ ಗೇಲಿ ಮಾಡಿ ಗಂಡನ ಪಾಂಡಿತ್ಯದ ಗಾಳಿ ತೆಗೆಯುವಳು. ಆದರೂ ಕಥೆ ಮುಗಿಯುವವರೆಗೆ ಎದ್ದು ಹೋಗುವದಿಲ್ಲ. ಒಲುಮೆ ಮತ್ತು ಆಕ್ಷೇಪಣೆ ಒಂದೇ ಬಾಯಲ್ಲಿ ಇರಬಲ್ಲವೆಂಬದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲೊಂದು ವಿಷಾದದ ಮಾತೂ ಇದೆ. ಈ ಕವಿ ತನ್ನ ಕೃತಿಗೆ ಆದರ ಸಿಕ್ಕೀತೋ ಇಲ್ಲವೋ ಎಂಬ ಸಂಕೋಚದಿಂದ ಹೆಸರನ್ನೇ ಮರೆಸಿ, ಹಳೆಯ ಗ್ರಂಥವೆಂಬಂತೆ ಅದನ್ನು ಮೈಸೂರಿಗೆ ಕಳಿಸಿದವನು. ಹೊರಗೆ ಕಾಣದ ವಾಚಕಳನ್ನು ಅವನು ಪುಸ್ತಕದೊಳಗೇ ಸೃಷ್ಟಿಸಿಕೊಂಡನೇನೋ!

ಧಾರವಾಡದ ಗೆಳೆಯರ ಗುಂಪನ್ನೂ ಇಲ್ಲಿ ನೆನೆಯಬೇಕು. ಬೇಂದ್ರೆಯವರ ಸುತ್ತ ನೆರೆದ ಆ ತರುಣರು ಒಬ್ಬರಿಗೊಬ್ಬರು ವಾಚಕರೂ ಆದರು, ಕೇಳುಗರೂ ಆದರು. ಆದರೆ ಬರೆಯುವವರೇ ಬರೆಯುವವರನ್ನು ಓದುವ ಗುಂಪು ಎಷ್ಟೇ ಉಜ್ಜ್ವಲವಾಗಿರಲಿ, ಅದು ಮನೆಯೊಳಗಿನ ದೀಪ. ಬಾಗಿಲು ತೆರೆಯದಿದ್ದರೆ ಬೀದಿಗೆ ಬೆಳಕಿಲ್ಲ. ಬೇಂದ್ರೆಯವರು ತಮ್ಮ ಹಾಡನ್ನು ಜನರ ನಡುವೆ ನಿಂತು ಹಾಡಿ ಆ ಬಾಗಿಲನ್ನು ತೆರೆದರು; ಎಲ್ಲ ಗುಂಪುಗಳಿಗೂ ಅಂಥವರೊಬ್ಬರು ಸಿಕ್ಕುವರೆಂಬ ಭರವಸೆಯಿಲ್ಲ.

"ನೌಕರಿ, ಸಂಸಾರ, ಇವುಗಳ ನಡುವೆ ಬರೆಯುವದಕ್ಕೇ ಬಿಡುವಿಲ್ಲ, ವಾಚಕರ ಕಾಗದಗಳಿಗೆ ಉತ್ತರ ಬರೆಯುತ್ತ ಕೂಡ್ರಲೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸಾವಿರ ಜನಕ್ಕೆ ಉತ್ತರಿಸಿರೆಂದು ಯಾರೂ ಕೇಳಿಲ್ಲ. ಸಾವಿರ ಜನ ನಮಗೆ ಬರೆಯುವದೂ ಇಲ್ಲ. ತನ್ನ ತಾಲೂಕಿನಲ್ಲಿ ಇಪ್ಪತ್ತೈದು ಮನೆಗಳನ್ನು ಅರಿತವನು, ಆ ಮನೆಯವರು ಪುಸ್ತಕವನ್ನು ಎಲ್ಲಿ ಮಡಿಸಿಟ್ಟರು, ಏಕೆ ಮಡಿಸಿಟ್ಟರು ಎಂದು ಕೇಳಿ ತಿಳಿದವನು, ಸಾವಿರ ಹೆಬ್ಬೆರಳುಗಳ ಒಡೆಯನಿಗಿಂತ ಶ್ರೀಮಂತನು. ಬೇಸರವಾಯಿತೆಂದು ಹೇಳಿದ ವಾಚಕನಿಗೆ ಮುನಿಯದೆ ಎರಡು ಸಾಲು ಬರೆದರೆ ಅವನು ಮುಂದಿನ ಪುಸ್ತಕವನ್ನು ತಾನೂ ಕೊಳ್ಳುವನು, ನೆರೆಮನೆಗೂ ಕೊಡಿಸುವನು.

ನಮ್ಮ ಸಂಘಕ್ಕೂ ಒಂದು ಸೂಚನೆ. ಮುಂದೆ ಇಲ್ಲಿ ಯಾರದೇ ಪುಸ್ತಕ ಹೊರಬಂದರೂ ಬಿಡುಗಡೆಯ ಸಭೆಯನ್ನು ಆ ದಿನ ಕೂಡಿಸುವದು ಬೇಡ, ಎರಡು ತಿಂಗಳು ಕಳೆದ ಮೇಲೆ ಕೂಡಿಸೋಣ. ಹಾರದ ಹಣದಲ್ಲಿ ಐದು ಪ್ರತಿಗಳನ್ನು ಕೊಂಡು ಐದು ಮನೆಗಳಿಗೆ ಮೊದಲೇ ಮುಟ್ಟಿಸೋಣ. ಆ ಮನೆಗಳಿಂದ ಬಂದವರು, ಅವರಲ್ಲಿ ಒಬ್ಬರಾದರೂ ಗೃಹಿಣಿಯಿರಲಿ, ಮೊದಲು ಮಾತಾಡಲಿ. ಗ್ರಂಥಕರ್ತರು ಸಭಿಕರ ಸಾಲಿನಲ್ಲಿ ಕುಳಿತು ಕೇಳಲಿ. ಅಧ್ಯಕ್ಷರು ಬೇಕೇಬೇಕೆಂದಾದರೆ, ಪುಸ್ತಕವನ್ನು ಓದಿದವರೇ ಆಗಲಿ.