ಸಂಶೋಧನೆಯ ಮೊದಲ ಮೆಟ್ಟಿಲು

ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಬಯಲು ಸೀಮೆ ಮುಗಿದು ಮಲೆನಾಡು ಮೊದಲಾಗುವೆಡೆಯಲ್ಲಿ ಅಳ್ನಾವರವಿದೆ. ಇಂತಹ ಊರಿನಲ್ಲಿ ಓದಿ, ವಿಜ್ಞಾನದ ಪದವಿಗಾಗಿ ಧಾರವಾಡಕ್ಕೆ ಹೋಗುವ ವಿದ್ಯಾರ್ಥಿಗೆ ಅಲ್ಲಿ ವಿದ್ಯಾಸಂಸ್ಥೆಗಳ ಕೊರತೆಯಿಲ್ಲ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಉದಯಿಸಿದ ಕೃಷಿ ವಿಶ್ವವಿದ್ಯಾಲಯ ಇವೆಲ್ಲವೂ ಅಲ್ಲಿವೆ. ಆದರೆ ಮೊದಲ ವರ್ಷದ ವಿದ್ಯಾರ್ಥಿಯು ಸಂಶೋಧನೆಯಲ್ಲಿ ತೊಡಗಬಹುದೆ? ತೊಡಗಬಹುದು, ಅವಕಾಶವಿದ್ದಲ್ಲಿ ತೊಡಗಲೇಬೇಕು.

ತಳಹದಿ ಗಟ್ಟಿಯಾಗುವ ಮೊದಲೇ ಗೋಡೆ ಕಟ್ಟಬಾರದೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪಠ್ಯವನ್ನು ಕಡೆಗಣಿಸಿದವನಿಗೆ ಸಂಶೋಧನೆಯೂ ದಕ್ಕದು. ಆದರೆ ಸಂಶೋಧನೆಯೆಂಬುದು ಪಾಂಡಿತ್ಯದ ಕೆಲಸ ಮಾತ್ರವಲ್ಲ. ಅದು ಕೈ, ಕಣ್ಣು ಮತ್ತು ತಾಳ್ಮೆಯ ಕೆಲಸವೂ ಹೌದು.

ಇದಕ್ಕೆ ಧಾರವಾಡದ ಹತ್ತಿಯೇ ಸಾಕ್ಷಿ. ಎರಡು ಭಿನ್ನ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಅಲ್ಲಿಯ ವಿಜ್ಞಾನಿಗಳು ರೂಪಿಸಿದ ‘ವರಲಕ್ಷ್ಮಿ’ ತಳಿ 1972ರಲ್ಲಿ ರೈತರ ಕೈ ಸೇರಿತು. ಇಂತಹ ಸಂಕರಕ್ಕೆ ಹೂವು ಅರಳುವ ಹಿಂದಿನ ದಿನವೇ ಮೊಗ್ಗಿನೊಳಗಿನ ಕೇಸರಗಳನ್ನು ಕೈಯಿಂದ ಬಿಡಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸೋಕಿಸಬೇಕು. ಕೇಸರ ಉಳಿದರೆ ಹೂವು ತನ್ನ ಪರಾಗದಿಂದಲೇ ಫಲಿಸಬಹುದು. ಆಗ ಶ್ರಮವೆಲ್ಲ ವ್ಯರ್ಥ. ಹೊಲದ ದುಡಿಮೆಯನ್ನು ಕಂಡು ಬೆಳೆದ ಹುಡುಗ ಹುಡುಗಿಯರಿಗೆ ಇಂತಹ ಶ್ರದ್ಧೆ ಅಪರಿಚಿತವಲ್ಲ.

ಇನ್ನೂ ಮುಖ್ಯವಾದ ಕಾರಣವೊಂದಿದೆ. ತರಗತಿಯ ಪ್ರಯೋಗಗಳಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಬಂದ ಅಳತೆಯನ್ನು ಬಿಟ್ಟು, ಬರಬೇಕಾದ ಅಳತೆಯನ್ನು ಬರೆಯುವ ಚಾಪಲ್ಯ ಹುಟ್ಟುತ್ತದೆ. ಸಂಶೋಧನೆಯಲ್ಲಾದರೋ ಉತ್ತರ ಯಾರಿಗೂ ಗೊತ್ತಿಲ್ಲ. ಕಂಡದ್ದನ್ನು ಕಂಡಂತೆ ಬರೆಯದೆ ಅಲ್ಲಿ ಗತ್ಯಂತರವಿಲ್ಲ. ಗಾಜಿನ ಪಾತ್ರೆಗಳನ್ನು ತೊಳೆಯುವುದು, ತೂಗುವುದು, ದಿನಾಂಕ ಸಹಿತ ಟಿಪ್ಪಣಿ ಇಡುವುದು, ಇವೇ ಮೊದಲ ವರ್ಷದವರ ಪಾಲಿನ ಕೆಲಸಗಳು. ಇವು ಚಿಕ್ಕವಾಗಿ ತೋರಿದರೂ ಸತ್ಯನಿಷ್ಠೆಯ ಪಾಠ ಇಲ್ಲಿಯೇ ಆರಂಭವಾಗುತ್ತದೆ.

ಸರ್ ಸಿ. ವಿ. ರಾಮನ್ ಅವರ ಮೊದಲ ಸಂಶೋಧನಾ ಲೇಖನ 1906ರಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದ ಹದಿನೆಂಟರ ತರುಣ. ಎಲ್ಲರೂ ರಾಮನ್ನರಾಗಲಾರರು, ನಿಜ. ಆದರೆ ಪ್ರತಿಭೆಯಿದ್ದರೂ ಉಪಕರಣವನ್ನು ಮುಟ್ಟುವ ಅವಕಾಶ ದೊರೆಯದಿದ್ದರೆ ಅದು ಬೆಳಕಿಗೆ ಬರುವುದು ಹೇಗೆ?

ಸುಶಿಕ್ಷಿತ ಮನೆತನದ ಮಕ್ಕಳಿಗೆ ಯಾರನ್ನು ಹೇಗೆ ಕೇಳಬೇಕೆಂಬುದು ಮನೆಯಲ್ಲಿಯೇ ತಿಳಿಯುತ್ತದೆ. ಹಳ್ಳಿಯ ವಿದ್ಯಾರ್ಥಿಗೆ ಕೇಳಬಹುದೆಂಬುದೇ ತಿಳಿದಿರುವುದಿಲ್ಲ. ಈ ಅಂತರವನ್ನು ಕಳೆಯುವ ಹೊಣೆ ಅಧ್ಯಾಪಕರದು. ತಮ್ಮಲ್ಲಿ ನಡೆಯುವ ಕೆಲಸವೇನು, ಯಾರು ಸೇರಬಹುದು ಎಂಬುದನ್ನು ಅವರು ತರಗತಿಯಲ್ಲಿಯೇ ತಿಳಿಸಬೇಕು. ಆಮ್ಲಗಳನ್ನೂ ಉಪಕರಣಗಳನ್ನೂ ಸುರಕ್ಷಿತವಾಗಿ ಬಳಸುವ ರೀತಿಯನ್ನು ಮೊದಲು ಕಲಿಸಬೇಕು. ವಿದ್ಯಾರ್ಥಿಯಾದವನು ಅಧ್ಯಾಪಕರ ವಿಷಯವನ್ನು ಕೊಂಚ ಓದಿಕೊಂಡು, ಸಂಕೋಚ ಬಿಟ್ಟು ವಿನಯದಿಂದ ಕೇಳಬೇಕು. ವಾರಕ್ಕೆ ಕೆಲವೇ ಗಂಟೆಗಳನ್ನು ಮೀಸಲಿಟ್ಟು, ಒಪ್ಪಿಕೊಂಡ ಕೆಲಸವನ್ನು ತಪ್ಪದೆ ಮಾಡಬೇಕು. ಒಬ್ಬರು ಇಲ್ಲವೆಂದರೆ ಇನ್ನೊಬ್ಬರನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಪ್ರಮಾಣಪತ್ರದ ಆಸೆಯಿಂದ ಮಾತ್ರ ಬಂದವರು ಬೇಗ ಬೇಸರಗೊಳ್ಳುತ್ತಾರೆ. ತಿಳಿಯುವ ಹಂಬಲದಿಂದ ಬಂದವರು ಮುಂದೆ ವಿಜ್ಞಾನಿಗಳಾಗದಿದ್ದರೂ, ಪರೀಕ್ಷಿಸದೆ ಯಾವುದನ್ನೂ ನಂಬದ ಪ್ರಜೆಗಳಾಗುತ್ತಾರೆ. ನಾಡಿಗೆ ಅಂಥವರ ಅಗತ್ಯ ವಿಜ್ಞಾನಿಗಳ ಅಗತ್ಯಕ್ಕಿಂತ ಕಡಿಮೆಯದಲ್ಲ.