ನಿಮ್ಮ ಕಾರ್ಡು ಗಡಿ ದಾಟುತ್ತದೆಯೇ?

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಗಲ್ಫಿಗೆ ಏನಾಗುತ್ತದೆ? ಮಗ ದಮ್ಮಾಮಿನಲ್ಲಿ, ಅಳಿಯ ದುಬೈಯಲ್ಲಿ, ತಮ್ಮ ಕತರಿನಲ್ಲಿ ಇರುವಾಗ ಈ ಪ್ರಶ್ನೆ ಸಹಜವೇ. 2020ರ ಜನವರಿ 3ರಂದು ಬಗ್ದಾದಿನಲ್ಲಿ ಇರಾನಿನ ಸೇನಾ ನಾಯಕ ಕಾಸಿಂ ಸುಲೈಮಾನಿಯನ್ನು ಅಮೆರಿಕ ಕೊಂದಿತು. ಅದಾಗಿ ಹನ್ನೊಂದೇ ದಿನಕ್ಕೆ ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಆಕಾಂಕ್ಷಿಗಳು ಚರ್ಚೆಗೆ ವೇದಿಕೆ ಏರಿದರು. ಯುದ್ಧ, ಇರಾನ್, ಸೇನೆಯನ್ನು ವಾಪಸ್ ಕರೆಸುವುದು ಎಂದೆಲ್ಲ ಅವರು ಮಾತಾಡಿದಷ್ಟು ಹೊತ್ತು ನಮ್ಮವರ ಕಿವಿ ಅತ್ತ ಇತ್ತು. ಮಾತು ಆಸ್ಪತ್ರೆಯ ಬಿಲ್ಲಿಗೆ ತಿರುಗಿದಾಗ ಅದು ಅವರ ಮನೆಯ ವಿಷಯ ಎಂದು ಬಿಟ್ಟೆವು.

ಬಿಡಬಾರದಿತ್ತು. ಆ ಚುನಾವಣೆಯಲ್ಲಿ ಅವರು ಬಡಿದಾಡಿದ್ದು ತುಂಬಾ ಸರಳವಾದ ಒಂದು ಪ್ರಶ್ನೆಗೆ: ಕಾಯಿಲೆ ಬಿದ್ದವನ ಬಿಲ್ಲು ಯಾರು ಕಟ್ಟಬೇಕು? ಬರ್ನೀ ಸ್ಯಾಂಡರ್ಸ್ ಹೇಳಿದ್ದು, ಸರಕಾರ ಒಂದೇ ಕಟ್ಟಲಿ, ಖಾಸಗಿ ವಿಮೆ ಕಂಪೆನಿಗಳು ನಡುವೆ ಬೇಡ. ಇದನ್ನೇ ‘ಸಿಂಗಲ್ ಪೇಯರ್’ ಎನ್ನುತ್ತಾರೆ. ಆಸ್ಪತ್ರೆ ಯಾರದ್ದೂ ಇರಲಿ, ಹಣ ಕೊಡುವ ಗಂಟು ಒಂದೇ. ಜೋ ಬೈಡನ್ ಅಷ್ಟು ದೂರ ಹೋಗಲು ಒಪ್ಪಲಿಲ್ಲ. ಖಾಸಗಿ ವಿಮೆ ಇರಲಿ, ಬೇಕಾದವರಿಗೆ ಸರಕಾರದ ವಿಮೆಯೂ ಸಿಗಲಿ ಎಂದರು. ಗೆದ್ದದ್ದು ಅವರು.

ಅದಕ್ಕೂ ಮೊದಲು, 2019ರ ಜೂನಿನಲ್ಲಿ ಮಯಾಮಿಯ ವೇದಿಕೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ನಿಮ್ಮ ಆರೋಗ್ಯ ಯೋಜನೆ ದಾಖಲೆ ಇಲ್ಲದೆ ಬಂದ ವಲಸಿಗರಿಗೂ ಸಿಗುತ್ತದೆಯೇ, ಕೈ ಎತ್ತಿ ಎಂದು ನಿರೂಪಕರು ಕೇಳಿದರು. ಆ ರಾತ್ರಿ ವೇದಿಕೆಯ ಮೇಲಿದ್ದ ಹತ್ತೂ ಜನ ಕೈ ಎತ್ತಿದರು. ಅದು ಸರಿಯೋ ತಪ್ಪೋ ಎಂಬುದು ಅವರ ದೇಶದವರಿಗೆ ಬಿಟ್ಟದ್ದು. ನನಗೆ ಮುಖ್ಯ ಅನ್ನಿಸಿದ್ದು ಅಂಥ ಪ್ರಶ್ನೆ ಕೇಳಿದರಲ್ಲ ಎಂಬುದು. ಹಣ ಎಷ್ಟು ಕೊಡುತ್ತೀರಿ ಎಂದಲ್ಲ, ನಿಮ್ಮ ಯೋಜನೆಯ ಬೇಲಿ ಎಲ್ಲಿ ಮುಗಿಯುತ್ತದೆ ಎಂದು. ನಮ್ಮಲ್ಲಿ ಐದು ಲಕ್ಷ, ಇಪ್ಪತ್ತೈದು ಲಕ್ಷ ಎಂದು ಹರಾಜಿನಲ್ಲಿ ಕೂಗಿದ ಹಾಗೆ ಅಂಕಿ ಕೂಗುತ್ತಾರೆ. ಬೇಲಿಯ ಸುದ್ದಿ ಯಾರೂ ಎತ್ತುವುದಿಲ್ಲ.

ಅಯೋವಾದ ಆ ಚರ್ಚೆ ಮುಗಿದು ಎರಡೇ ತಿಂಗಳಲ್ಲಿ ಆ ಎರಡೂ ಪ್ರಶ್ನೆಗಳು ಒಂದಾಗಿ ತಲಪಾಡಿಯಲ್ಲಿ ಬಂದು ನಿಂತವು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ಹೊರರಾಜ್ಯ ಎಂದು ಅಂದಿನವರೆಗೆ ಅನ್ನಿಸಿಯೇ ಇರಲಿಲ್ಲ. ಹೆರಿಗೆಗೆ, ಡಯಾಲಿಸಿಸ್‌ಗೆ, ಹಾರ್ಟಿಗೆ ಮಂಗಳೂರು. ಮದುವೆಗೆ ಬಟ್ಟೆ ತೆಗೆಯಲೂ ಮಂಗಳೂರು. ಆ ದಿನಗಳಲ್ಲಿ ಆ್ಯಂಬುಲೆನ್ಸ್‌ಗಳು ಚೆಕ್‌ಪೋಸ್ಟಿನಿಂದ ವಾಪಸ್ ಹೋದವು, ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೆದ್ದಾರಿಯ ತಡೆ ತೆಗೆಸಿ ಎಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ಕ್ಕೆ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡಲು ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಕೇಸು ಮುಗಿಯಿತು. ವಿದೇಶಾಂಗ ನೀತಿ ಅಂದರೆ ಅಮೆರಿಕ ಇರಾನಿಗೆ ಏನು ಮಾಡುತ್ತದೆ ಎಂಬುದಷ್ಟೇ ಅಲ್ಲ ಮಾರಾಯ್ರೆ. ಪಕ್ಕದ ರಾಜ್ಯ ನಿಮ್ಮ ಉಮ್ಮನ ಆ್ಯಂಬುಲೆನ್ಸಿಗೆ ಏನು ಮಾಡುತ್ತದೆ ಎಂಬುದೂ ಅದೇ.

ಇಷ್ಟು ನಮಗೆಲ್ಲ ಗೊತ್ತಿರುವುದು. ನಮ್ಮಂತೆಯೇ ಇನ್ನೊಂದು ಗಡಿಯಲ್ಲಿ ಬದುಕುವವರ ಕಥೆ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೇ ಆದೋನಿಯ ಪೆದ್ದಹರಿವಾಣಂ ಬಗ್ಗೆ ಬರೆಯುತ್ತಿದ್ದೇನೆ.

ಊರಿನ ಹೆಸರನ್ನೇ ನೋಡಿ. ‘ಪೆದ್ದ’ ತೆಲುಗು, ‘ಹರಿವಾಣ’ ಕನ್ನಡಿಗರ ಊಟದ ತಟ್ಟೆ. ಹೆಸರಿನ ಮೂಲ ಏನೇ ಇರಲಿ, ಎರಡು ಭಾಷೆಗಳು ಒಂದೇ ತಟ್ಟೆಯಲ್ಲಿ ಉಣ್ಣುವ ಸೀಮೆ ಅದು. ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು, ಬಳ್ಳಾರಿ ಇತ್ತ ಮೈಸೂರಿಗೆ ಬಂತು. ಮೂರು ವರ್ಷ ಕಳೆದು 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಹಳೆಯ ಮದ್ರಾಸಿನ ಜಿಲ್ಲೆಗಳು. ಎರಡನ್ನೂ ಗೆರೆ ಎಳೆದು ಕತ್ತರಿಸಿದರು. ಎರಡೂ ಕಡೆ ಆಸ್ಪತ್ರೆಯ ದಾರಿ ಮಾತ್ರ ಹಳೆಯ ಜಿಲ್ಲಾ ಕೇಂದ್ರದ ಕಡೆಗೇ ಉಳಿಯಿತು. ಕಾಸರಗೋಡಿನವರಿಗೆ ಮಂಗಳೂರು, ಆದೋನಿಯವರಿಗೆ ಬಳ್ಳಾರಿ.

ಆದೋನಿಯಿಂದ ಅವರ ಜಿಲ್ಲಾ ಕೇಂದ್ರ ಕರ್ನೂಲಿಗೆ ನೂರು ಕಿಲೋಮೀಟರಿನ ಆಸುಪಾಸು. ಬಳ್ಳಾರಿಗೆ ಎಪ್ಪತ್ತರ ಆಸುಪಾಸು. ಬಳ್ಳಾರಿಯಲ್ಲಿ 1961ರಿಂದ ಸರಕಾರಿ ಮೆಡಿಕಲ್ ಕಾಲೇಜು ಇದೆ. ಈಗ ಹೆಸರು ಬದಲಾಗಿದ್ದರೂ ಜನರ ಬಾಯಲ್ಲಿ ಅದು ‘ವಿಮ್ಸ್’. ರಾತ್ರಿ ಹನ್ನೆರಡಕ್ಕೆ ಎದೆ ನೋವು ಬಂದವನ ಮನೆಯವರು ಭಾಷೆ ಗೊತ್ತಿರುವ, ನೆಂಟರಿರುವ ಊರಿನ ಕಡೆ ಗಾಡಿ ತಿರುಗಿಸುವುದು ಸಹಜ. ಆಗಲೇ ಕಾರ್ಡಿನ ಪ್ರಶ್ನೆ ಬರುವುದು.

ಇಲ್ಲಿ ವಿಚಿತ್ರ ಏನೆಂದರೆ, ಭಾರತದಲ್ಲಿ ಸ್ಯಾಂಡರ್ಸ್ ಹೇಳಿದ್ದಕ್ಕೆ ತಕ್ಕಮಟ್ಟಿಗೆ ಹತ್ತಿರವಾದ ಪ್ರಯೋಗ ಶುರುವಾದದ್ದೇ ಆಂಧ್ರದಲ್ಲಿ. 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ರಾಜೀವ್ ಆರೋಗ್ಯಶ್ರೀ ಆರಂಭವಾಯಿತು. ಬಡವರು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಲಿ, ಬಿಲ್ಲು ಸರಕಾರದ್ದು. ಅದನ್ನು ತಂದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಸ್ವತಃ ಡಾಕ್ಟರು, ಎಂಬಿಬಿಎಸ್ ಓದಿದ್ದು ನಮ್ಮ ಕಲಬುರಗಿಯಲ್ಲಿ. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಅದೇ ಕಲಬುರಗಿ ವಿಭಾಗದಿಂದ ಶುರುವಾಯಿತು. ಕೇಂದ್ರದ ಆಯುಷ್ಮಾನ್ ಭಾರತ್ ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ 2019ರಲ್ಲಿ. ಆಂಧ್ರದಲ್ಲಿ ಸರಕಾರ ಬದಲಾದಾಗಲೆಲ್ಲ ಹೆಸರು ಬದಲಾಗುತ್ತದೆ. ವೈಎಸ್ಸಾರ್ ಆರೋಗ್ಯಶ್ರೀ ಈಗ ಎನ್‌ಟಿಆರ್ ವೈದ್ಯಸೇವೆ. 2023ರ ಡಿಸೆಂಬರಿನಲ್ಲಿ ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು. ಅಂಕಿ ಏರಿದ್ದೇ ಬಂತು, ಆಸ್ಪತ್ರೆಗಳಿಗೆ ಕೊಡಬೇಕಾದ ಹಣ ಬಾಕಿ ಉಳಿಯಿತು. 2024ರ ಮೇಯಲ್ಲಿ ಒಮ್ಮೆ, 2025ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಖಾಸಗಿ ಆಸ್ಪತ್ರೆಗಳು ಈ ಕಾರ್ಡಿನ ಸೇವೆ ನಿಲ್ಲಿಸಿದವು. ಗಂಟಿನಲ್ಲಿ ಕಾಸಿಲ್ಲದಿದ್ದರೆ ಗಂಟು ಒಂದಾದರೇನು, ಹತ್ತಾದರೇನು?

ಇನ್ನು ಬೇಲಿಯ ವಿಷಯ. ಆಯುಷ್ಮಾನ್ ಭಾರತದಲ್ಲಿ ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದ ಕುಟುಂಬ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯಬಹುದು. ಆ ಪಟ್ಟಿ ತಯಾರಾದದ್ದು 2011ರ ಸಾಮಾಜಿಕ, ಆರ್ಥಿಕ ಗಣತಿಯಿಂದ. ಅದರಲ್ಲಿ ಇಲ್ಲದ ಕುಟುಂಬಗಳನ್ನು ರಾಜ್ಯಗಳು ತಮ್ಮ ಹಣದಿಂದ ಸೇರಿಸಿಕೊಂಡಿವೆ. ಹಾಗೆ ಸೇರಿದವರ ಕಾರ್ಡು ಸಾಮಾನ್ಯವಾಗಿ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಆಚೆಯ ಯಾವುದಾದರೂ ಆಸ್ಪತ್ರೆಯ ಜೊತೆ ತಮ್ಮ ರಾಜ್ಯ ಒಪ್ಪಂದ ಮಾಡಿಕೊಂಡಿದ್ದರೆ ಅಲ್ಲಿ ಮಾತ್ರ ನಡೆಯುತ್ತದೆ. ನೋಡುವುದಕ್ಕೆ ಎರಡೂ ಕಾರ್ಡು ಒಂದೇ ಥರ. ಯಾವುದು ಯಾವುದೆಂದು ಗೊತ್ತಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ.

2019ರ ನವೆಂಬರಿನಲ್ಲಿ ಆಂಧ್ರ ಸರಕಾರ ಆರೋಗ್ಯಶ್ರೀಯನ್ನು ಹೊರರಾಜ್ಯಕ್ಕೂ ವಿಸ್ತರಿಸಿತು. ಒಳ್ಳೆಯ ಕೆಲಸವೇ. ಆದರೆ ಆ ಘೋಷಣೆಯಲ್ಲಿ ಇದ್ದದ್ದು ಹೈದರಾಬಾದ್, ಬೆಂಗಳೂರು, ಚೆನ್ನೈ. ರಾಜಧಾನಿಯಲ್ಲಿ ಕೂತವರ ಕಣ್ಣಿಗೆ ಹೊರರಾಜ್ಯ ಎಂದರೆ ಮಹಾನಗರ. ಪೆದ್ದಹರಿವಾಣದವರ ಹೊರರಾಜ್ಯ ಬಳ್ಳಾರಿ, ರಾಯಚೂರು, ಸಿರುಗುಪ್ಪ.

ಈಗ ಆದೋನಿಯಲ್ಲಿ ಜಗಳ ನಡೆಯುತ್ತಿರುವುದು ಬೇರೆಯದಕ್ಕೆ. ಹಿಂದಿನ ಸರಕಾರ ಯೋಜಿಸಿದ್ದ 17 ಮೆಡಿಕಲ್ ಕಾಲೇಜುಗಳಲ್ಲಿ ಆದೋನಿಯದ್ದೂ ಒಂದು. 2023ರಲ್ಲಿ ಐದು ಕಾಲೇಜುಗಳು ಶುರುವಾದವು, ಅದರಲ್ಲಿ ಆದೋನಿ ಇರಲಿಲ್ಲ. 2025ರಲ್ಲಿ ಚಂದ್ರಬಾಬು ಸರಕಾರ ಹತ್ತು ಕಾಲೇಜುಗಳನ್ನು ಖಾಸಗಿ ಪಾಲುದಾರಿಕೆಗೆ ಕೊಡಲು ಹೊರಟಿತು. ಟೆಂಡರ್ ಕರೆದ ಮೊದಲ ನಾಲ್ಕರಲ್ಲಿ ಆದೋನಿ ಬಂತು. ಜಗನ್ ಪಕ್ಷ ಇದರ ವಿರುದ್ಧ ಕೋಟಿ ಸಹಿ ಸಂಗ್ರಹದ ಚಳವಳಿ ಮಾಡಿತು. ಸರಕಾರವೇ ಆಸ್ಪತ್ರೆ ನಡೆಸಬೇಕೋ, ಖಾಸಗಿಯವರಿಗೆ ಕೊಟ್ಟು ಬಡವರ ಬಿಲ್ಲು ಕಟ್ಟಿದರೆ ಸಾಕೋ ಎಂಬುದು ನಿಜವಾದ ಚರ್ಚೆ. ಅಮೆರಿಕದ ಚರ್ಚೆಗಿಂತ ಒಂದು ಹೆಜ್ಜೆ ಮುಂದಿನದ್ದು ಎಂದೂ ಹೇಳಬಹುದು. ನನ್ನ ಮಟ್ಟಿಗೆ, ಬರಗಾಲದ ಸೀಮೆಯಲ್ಲಿ ಆಸ್ಪತ್ರೆ ಸರಕಾರದ್ದೇ ಆಗಬೇಕು. ಆ ಸೀಮೆಯ ಜನ ಮಳೆ ಕೈಕೊಟ್ಟ ವರ್ಷ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು. ಅಲ್ಲಿ ಲಾಭ ಹುಡುಕಿ ಬರುವವನು ಎಷ್ಟು ದಿನ ನಿಂತಾನು? ಆದರೆ ಕಟ್ಟಡ ಯಾರದ್ದು ಎಂಬ ಈ ಗದ್ದಲದಲ್ಲಿ, ಕಟ್ಟಡ ಎದ್ದು ನಿಲ್ಲುವವರೆಗೆ ಬಳ್ಳಾರಿಗೆ ಹೋಗುವವರ ಬಿಲ್ಲಿನ ಗತಿ ಏನು ಎಂದು ಎರಡೂ ಪಕ್ಷಗಳು ಹೇಳುತ್ತಿಲ್ಲ. ಗುಂಟೂರಿಗೆ ಹೋದವನ ಕಾರ್ಡು ಅಲ್ಲಿ ನಡೆಯುತ್ತದೆ, ಅದೇ ರಾಜ್ಯ. ಅದೇ ಮನೆಯಿಂದ ಬೆಂಗಳೂರಿಗೆ ಹೋದ ಅವನ ತಮ್ಮನ ಕಾರ್ಡು?

ಕಟ್ಟಡ ಏಳಲು ಎಷ್ಟು ಕಾಲ ಬೇಕೆಂಬುದು ನಮಗೆ ಉಕ್ಕಿನಡ್ಕದಿಂದ ಗೊತ್ತು. ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜಿಗೆ ಅಲ್ಲಿ ಕಲ್ಲು ಹಾಕಿದ್ದು 2013ರಲ್ಲಿ. ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲಿನಲ್ಲಿ ಅವಸರವಾಗಿ ಅದನ್ನು ಕೋವಿಡ್ ಆಸ್ಪತ್ರೆ ಮಾಡಿದರು. ಎಂಬಿಬಿಎಸ್‌ಗೆ 50 ಸೀಟು ಮಂಜೂರಾದದ್ದು 2025ರಲ್ಲಿ. ಹನ್ನೆರಡು ವರ್ಷ. ಮಂಗಳೂರು ಹತ್ತಿರ ಇದೆಯಲ್ಲ ಎಂಬುದೇ ತಿರುವನಂತಪುರಕ್ಕೆ ಒಳ್ಳೆಯ ನೆಪವಾಯಿತು ಎಂದು ಹೇಳುವವರಿದ್ದಾರೆ. ಕಾರ್ಡು ಗಡಿ ದಾಟಿದರೆ ನಮ್ಮ ಕಡೆ ಆಸ್ಪತ್ರೆ ಕಟ್ಟುವುದು ಇನ್ನೂ ತಡವಾಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಆದರೆ ಡಯಾಲಿಸಿಸ್ ರೋಗಿಗೆ ಹನ್ನೆರಡು ವರ್ಷ ಇಲ್ಲ, ವಾರಕ್ಕೆ ಎರಡೋ ಮೂರೋ ದಿನ ಇದೆ.

ನಮ್ಮ ತೆರಿಗೆ ಹಣ ಬೇರೆ ರಾಜ್ಯದ ಆಸ್ಪತ್ರೆಗೆ ಏಕೆ ಎಂದು ಅಧಿಕಾರಿಗಳು ಕೇಳುತ್ತಾರೆ. ಇದಕ್ಕೆ ಉತ್ತರ ಕೆನಡಾದಲ್ಲಿದೆ. ಸ್ಯಾಂಡರ್ಸ್ 2019ರ ಜುಲೈಯಲ್ಲಿ ಮಧುಮೇಹ ರೋಗಿಗಳನ್ನು ಬಸ್ಸಿನಲ್ಲಿ ಕೂರಿಸಿ ಡೆಟ್ರಾಯಿಟ್‌ನಿಂದ ಗಡಿಯಾಚೆಯ ವಿಂಡ್ಸರ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಇನ್ಸುಲಿನ್ ಎಷ್ಟು ಅಗ್ಗ ಎಂದು ತೋರಿಸಿದ ದೇಶ ಅದು. ಅಲ್ಲಿ ದೇಶಕ್ಕೆಲ್ಲ ಒಂದೇ ವಿಮೆ ಇದೆ ಎಂದು ನಮ್ಮವರು ತಿಳಿದಿರುತ್ತಾರೆ. ಇಲ್ಲ, ನಮ್ಮ ಹಾಗೆ ಅಲ್ಲಿಯೂ ಪ್ರಾಂತಕ್ಕೊಂದು ಯೋಜನೆ. ಆದರೆ 1984ರ ಕೆನಡಾ ಆರೋಗ್ಯ ಕಾಯ್ದೆ, ಕೇಂದ್ರದ ಹಣ ಬೇಕಿದ್ದರೆ ಪ್ರಾಂತಗಳು ಐದು ಷರತ್ತು ಪಾಲಿಸಬೇಕು ಎನ್ನುತ್ತದೆ. ಅದರಲ್ಲೊಂದು, ರೋಗಿ ಬೇರೆ ಪ್ರಾಂತಕ್ಕೆ ಹೋದರೂ ವಿಮೆ ಅವನ ಜೊತೆ ಹೋಗಬೇಕು. ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ, ಲೆಕ್ಕವನ್ನು ಎರಡು ಪ್ರಾಂತಗಳು ತಮ್ಮೊಳಗೆ ಚುಕ್ತಾ ಮಾಡಿಕೊಳ್ಳುತ್ತವೆ. ಕ್ವಿಬೆಕ್ ಪ್ರಾಂತ ಡಾಕ್ಟರ ಬಿಲ್ಲಿನ ಒಪ್ಪಂದಕ್ಕೆ ಸೇರದೆ ತಕರಾರು ಇಟ್ಟುಕೊಂಡಿದೆ, ಅದು ಬೇರೆ ಮಾತು. ನಮ್ಮ ರಾಜ್ಯಗಳು ನದಿ ನೀರಿನ ಲೆಕ್ಕ, ಬಸ್ಸಿನ ಪರ್ಮಿಟ್ಟಿನ ಲೆಕ್ಕ ಹಾಕುತ್ತವೆ. ಡಯಾಲಿಸಿಸ್ಸಿನ ಲೆಕ್ಕ ಏಕೆ ಆಗುವುದಿಲ್ಲ?

ಸದ್ಯಕ್ಕೆ ನಮ್ಮಲ್ಲಿ ಆ ಲೆಕ್ಕ ಚುಕ್ತಾ ಮಾಡುತ್ತಿರುವುದು ಮಸೀದಿ. ಜುಮಾ ನಮಾಝ್ ಮುಗಿದ ಮೇಲೆ ಬಾಗಿಲಲ್ಲಿ ಹಾಸುವ ಶಾಲು, ವಾಟ್ಸ್ಆ್ಯಪಿನಲ್ಲಿ ಬರುವ ರೋಗಿಯ ಫೋಟೊ, ಕೆಳಗೆ ಬ್ಯಾಂಕ್ ಖಾತೆಯ ನಂಬರ್. ಕೊಡುವವರು ಕೊಡುತ್ತಾರೆ, ಅಲ್ಲಾಹು ಅವರಿಗೆ ಬರಕತ್ ಕೊಡಲಿ. ಆದರೆ ಮೂಗಿಗೆ ಪೈಪ್ ಹಾಕಿ ಮಲಗಿರುವ ಉಮ್ಮನ ಫೋಟೊವನ್ನು ಊರಿಗೆಲ್ಲ ಕಳಿಸುವ ಮಗನ ಸಂಕಟ ಕೊಡುವವರಿಗೆ ಕಾಣುವುದಿಲ್ಲ. ಎಷ್ಟೋ ಸಲ ಆ ಮನೆಯಲ್ಲಿ ಕಾರ್ಡು ಇರುತ್ತದೆ, ಅದು ಆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ ಅಷ್ಟೆ. ಗಲ್ಫಿನಲ್ಲಿ ಕೆಲಸ ಇರುವಷ್ಟು ದಿನ ಕಂಪೆನಿಯ ವಿಮೆ ಇತ್ತು, ವೀಸಾ ಮುಗಿದ ದಿನ ಅದೂ ಮುಗಿಯಿತು. ಊರಿಗೆ ಬಂದ ಮೇಲೆ ಕರ್ನಾಟಕದಲ್ಲಿ ಎಪಿಎಲ್ ಕಾರ್ಡಿನವರಿಗೆ ಸರಕಾರ ಕೊಡುವುದು ಪ್ಯಾಕೇಜ್ ದರದ 30 ಶೇಕಡಾ. ಉಳಿದದ್ದಕ್ಕೆ ಮತ್ತೆ ಶಾಲು. ಪೆದ್ದಹರಿವಾಣದಂಥ ಊರಿನಲ್ಲಿ ಆ ಶಾಲಿಗೆ ಹಣ ಹಾಕಲು ದುಬೈಯ ಅಳಿಯನೂ ಇಲ್ಲ.

2026 ಕೇರಳಕ್ಕೆ ವಿಧಾನಸಭಾ ಚುನಾವಣೆಯ ವರ್ಷ. ಮಂಜೇಶ್ವರದಲ್ಲಿ 2016ರಲ್ಲಿ ಸೋಲು ಗೆಲುವಿನ ಅಂತರ 89 ಮತ, 2021ರಲ್ಲಿ 745. ಒಂದು ಜಮಾಅತಿನ ಮನೆಗಳು ಸಾಕು ಅಭ್ಯರ್ಥಿಯನ್ನು ಕೂರಿಸಿ ಮಾತಾಡಿಸಲು. ನಾವು ಸಾಧಾರಣವಾಗಿ ಕೇಳುವುದು ರಸ್ತೆ, ಮದ್ರಸದ ಹತ್ತಿರ ಕಾಂಪೌಂಡು. ಈ ಸಲ ಮೂರು ವಿಷಯ ಕೇಳೋಣ. ಮಂಗಳೂರಿನ ಯಾವ ಯಾವ ಆಸ್ಪತ್ರೆಯಲ್ಲಿ ಕೇರಳದ ಕಾರ್ಡು ನಡೆಯುತ್ತದೆ, ಆ ಪಟ್ಟಿಯನ್ನು ಪಂಚಾಯತ್ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸುತ್ತೀರಾ? ರಾಜ್ಯದ ಹಣದಲ್ಲಿ ಸೇರಿದ ಕುಟುಂಬಕ್ಕೂ ಗಡಿಯಾಚೆ ಚಿಕಿತ್ಸೆ ಸಿಗುವಂತೆ ಕರ್ನಾಟಕದ ಜೊತೆ ಒಪ್ಪಂದ ಮಾಡಿಸುತ್ತೀರಾ? ಇನ್ನೊಮ್ಮೆ ಗಡಿ ಮುಚ್ಚುವ ದಿನ ಬಂದರೆ ಆ್ಯಂಬುಲೆನ್ಸಿಗೆ ಕೋರ್ಟಿಗೆ ಹೋಗದೆ ದಾರಿ ಸಿಗುವ ಲಿಖಿತ ಏರ್ಪಾಡು ಇದೆಯಾ? ಉಳ್ಳಾಲದವರು ಇದೇ ಪ್ರಶ್ನೆಯನ್ನು ತಿರುಗಿಸಿ ತಮ್ಮ ಶಾಸಕರಿಗೆ ಕೇಳಬೇಕು, ಗಡಿಗೆ ಎರಡು ಮಗ್ಗುಲಿದೆ. ಕೇಳುವುದನ್ನು ಕನ್ನಡದಲ್ಲೋ ಬ್ಯಾರಿಯಲ್ಲೋ ಕೇಳಿ. ಉತ್ತರ ಮಲಯಾಳದಲ್ಲಿ ಬಂದರೂ ನಮಗೆ ಅರ್ಥವಾಗುತ್ತದೆ.